ಹಳೆಯ ಇಟಾಲಿಯನ್ ರೇಸಿಂಗ್ ಸೈಕಲ್ ಫ್ರೇಮ್: ಅಸಲಿಯೇ, ಯಾವ ಕಾಲದ್ದು?

ಹಳೆಯ ಇಟಾಲಿಯನ್ ರೇಸಿಂಗ್ ಫ್ರೇಮ್ ಒಂದು ನಿಮ್ಮ ಕೈಗೆ ಬಂತು ಎಂದುಕೊಳ್ಳಿ. ಚಕ್ರ ಇಲ್ಲ, ಹ್ಯಾಂಡಲ್ ಇಲ್ಲ. ಬರೀ ಫ್ರೇಮ್ ಮತ್ತು ಮುಂದಿನ ಫೋರ್ಕ್. ಕೆಳಗಿನ ಪೈಪಿನ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಹೆಸರಿದೆ. ಎಲ್ಲರ ಕಣ್ಣೂ ಮೊದಲು ಹೋಗುವುದು ಆ ಹೆಸರಿನ ಮೇಲೆ. ನೀವು ಫ್ರೇಮನ್ನು ತಲೆಕೆಳಗು ಮಾಡಿ. ಪೆಡಲಿನ ಅಚ್ಚು ಹಾದುಹೋಗುವ ಗಿಡ್ಡ ಅಡ್ಡ ಕೊಳವೆ ಇದೆಯಲ್ಲ, ಸೈಕಲ್ ಅಂಗಡಿಯವರು ಬಿಬಿ ಅನ್ನುವುದು, ಅದರ ಅಡಿಭಾಗವನ್ನು ಸ್ವಲ್ಪ ಸೀಮೆಎಣ್ಣೆ, ಒಂದು ಹಳೇ ಹಲ್ಲುಜ್ಜುವ ಬ್ರಷ್ ತಗೊಂಡು ಮೆಲ್ಲಗೆ ಉಜ್ಜಿ. ಹತ್ತಾರು ವರ್ಷದ ಗ್ರೀಸು, ಮಣ್ಣು ಬಿಟ್ಟ ಮೇಲೆ ಅಲ್ಲಿ ಕಾಣುವುದು ಆ ದೊಡ್ಡ ಹೆಸರಿಗಿಂತ ಜಾಸ್ತಿ ನಂಬಿಕೆಗೆ ಅರ್ಹ.

ಯಾಕೆ? ಹೆಸರು ಬರೀ ಸ್ಟಿಕ್ಕರ್. ಕೊಲ್ನಾಗೊ, ಚಿನೆಲ್ಲಿ, ದೆ ರೋಸಾ, ಮಾಸಿ, ಹೀಗೆ ಇಟಲಿಯಲ್ಲಿ ಫ್ರೇಮ್ ಕಟ್ಟಿ ಹೆಸರಾದ ಯಾರ ಸ್ಟಿಕ್ಕರ್ ಸೆಟ್ ಬೇಕಾದರೂ ಇವತ್ತು ಹೊಸದಾಗಿ ಮುದ್ರಿಸಿ ಮಾರುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಪ್ರಾಮಾಣಿಕವಾಗಿ ರಿಪೇರಿ ಮಾಡುವವರಿಗೆ ಅದು ಬೇಕೇ ಬೇಕು. ರೇಸಿಗೆ ಓಡಿದ ಸೈಕಲ್ಲುಗಳಿಗೆ ಆ ಕಾಲದಲ್ಲೇ ಮತ್ತೆ ಮತ್ತೆ ಬಣ್ಣ ಬಳಿಯುತ್ತಿದ್ದರು. ತಂಡ ಬದಲಾದರೆ ಬಣ್ಣವೂ ಬದಲು. ಹಾಗಾಗಿ ಅಸಲಿ ಫ್ರೇಮಿನ ಮೇಲೆ ಹೊಸ ಬಣ್ಣ ಇರಬಹುದು. ಹೊಳೆಯುವ ಒಳ್ಳೆಯ ಸ್ಟಿಕ್ಕರಿನ ಕೆಳಗೆ ಯಾವುದೋ ಸಾಧಾರಣ ಫ್ರೇಮ್ ಕೂಡ ಇರಬಹುದು.

ನಾನು ಅನುಸರಿಸುವ ಕ್ರಮ ಇಷ್ಟೇ. ಫ್ರೇಮಿನಲ್ಲಿ ಯಾವುದನ್ನು ಬದಲಾಯಿಸುವುದು ತೀರಾ ಕಷ್ಟವೋ ಅದನ್ನು ಮೊದಲು ಕೇಳಬೇಕು. ಸುಲಭವಾಗಿ ಬದಲಾಗುವುದನ್ನು ಕೊನೆಗೆ ಕೇಳಬೇಕು. ಬಿಬಿ ಕೊಳವೆ, ಪೈಪು, ಪೈಪಿನ ಮೂಲೆಗೆ ತೊಡಿಸಿದ ಲಗ್ಗು, ಹಿಂದಿನ ಚಕ್ರ ಕೂರುವ ಡ್ರಾಪೌಟ್, ಇವು ಬೆಸುಗೆಯಲ್ಲಿ ಸೇರಿಹೋದ ಉಕ್ಕು. ಇವುಗಳ ಮಾತಿಗೆ ತೂಕ ಜಾಸ್ತಿ. ಗೇರು, ಬ್ರೇಕು, ಸೀಟು ನಟ್ಟು ಬಿಚ್ಚಿದರೆ ಬದಲಾಗುತ್ತವೆ. ಬಣ್ಣ, ಸ್ಟಿಕ್ಕರ್ ಎಲ್ಲಕ್ಕಿಂತ ಕೊನೆಯ ಸಾಕ್ಷಿ.

ಲಗ್ ಅಂದರೆ ಏನು ಎಂದು ತಿಳಿಯಲು ದೂರ ಹೋಗಬೇಕಿಲ್ಲ. ನಮ್ಮೂರಿನ ಹಳೆಯ ಹರ್ಕ್ಯುಲಿಸ್ ಅಥವಾ ರ‍್ಯಾಲೆ ಸೈಕಲ್ ನೋಡಿ. ಸೀಟಿನ ಕೆಳಗೆ, ಹ್ಯಾಂಡಲಿನ ಕೆಳಗೆ ಪೈಪುಗಳು ಕೂಡುವ ಕಡೆ ಒಂದು ದಪ್ಪ ತೋಳು ತೊಡಿಸಿದಂತೆ ಕಾಣುತ್ತದಲ್ಲ, ಅದೇ ಲಗ್. ಪೈಪನ್ನು ಅದರೊಳಗೆ ತೂರಿಸಿ, ಕಾಯಿಸಿ, ಕರಗಿದ ಹಿತ್ತಾಳೆ ಅಥವಾ ಬೆಳ್ಳಿ ಬೆರೆತ ಲೋಹವನ್ನು ಸಂದಿಗೆ ಹರಿಸುತ್ತಾರೆ. ಇಟಲಿಯ ಕುಶಲಕರ್ಮಿಗಳು ಮಾಡುತ್ತಿದ್ದದ್ದೂ ಇದನ್ನೇ. ಆದರೆ ಅವರ ಪೈಪು ತೀರಾ ತೆಳು, ಲಗ್ಗಿನ ಅಂಚನ್ನು ಅರದಿಂದ ಉಜ್ಜಿ ಉಜ್ಜಿ ಕಾಗದದಷ್ಟು ಸಣ್ಣಗೆ ಮಾಡುತ್ತಿದ್ದರು. ಆ ಅರದ ಕೆಲಸವೇ ಮುಂದೆ ನಮಗೆ ದೊಡ್ಡ ಸುಳಿವು.

ಬಿಬಿ ಕೊಳವೆಯ ಅಳತೆ

ಈಗ ಅಳತೆಗೆ ಬನ್ನಿ. ಒಂದು ವರ್ನಿಯರ್ ಕ್ಯಾಲಿಪರ್ ಇದ್ದರೆ ಸಾಕು. ಇಟಾಲಿಯನ್ ಪದ್ಧತಿಯ ಬಿಬಿ ಕೊಳವೆ 70 ಮಿಲಿಮೀಟರ್ ಅಗಲ ಇರುತ್ತದೆ. ಥ್ರೆಡ್ಡಿನ ವ್ಯಾಸ 36 ಮಿಲಿಮೀಟರ್, ಅಂಗುಲಕ್ಕೆ 24 ಸುತ್ತು. ಇಂಗ್ಲಿಷ್ ಪದ್ಧತಿಯದು 68 ಮಿಲಿಮೀಟರ್ ಅಗಲ, ಥ್ರೆಡ್ 1.37 ಅಂಗುಲ, ಅಂದರೆ ಸುಮಾರು 34.8 ಮಿಲಿಮೀಟರ್. ಫ್ರೆಂಚರದು 35 ಮಿಲಿಮೀಟರ್, ಒಂದೊಂದು ಸುತ್ತಿಗೆ 1 ಮಿಲಿಮೀಟರ್.

ಇನ್ನೂ ಒಂದು ವ್ಯತ್ಯಾಸ ಇದೆ. ಬಿಬಿ ಕೊಳವೆಯ ಎರಡೂ ತುದಿಗೆ, ಅಚ್ಚಿನ ಗುಂಡುಗಳು ಕೂರುವ ಒಂದೊಂದು ಕಪ್ ತಿರುಗಿಸಿ ಹಾಕಿರುತ್ತಾರೆ. ಇಂಗ್ಲಿಷ್ ಪದ್ಧತಿಯಲ್ಲಿ ಚೈನ್ ಇರುವ ಬಲಗಡೆಯ ಕಪ್ ಉಲ್ಟಾ ಥ್ರೆಡ್. ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಇಟಾಲಿಯನ್ನರು ಎರಡೂ ಕಡೆ ಮಾಮೂಲಿ ಬಲ ಥ್ರೆಡ್ ಇಟ್ಟರು. ಪೆಡಲ್ ತುಳಿಯುವಾಗ ಅಚ್ಚಿನ ಗುಂಡುಗಳು ಕಪ್ಪಿನೊಳಗೆ ಉರುಳುತ್ತಾ ಅದನ್ನು ಅಚ್ಚು ತಿರುಗುವ ದಿಕ್ಕಿಗೆ ವಿರುದ್ಧವಾಗಿ ನಿಧಾನಕ್ಕೆ ಜರುಗಿಸುತ್ತವೆ. ಹಾಗಾಗಿ ಇಟಾಲಿಯನ್ ಫ್ರೇಮಿನ ಬಲಗಡೆ ಕಪ್ ಸಡಿಲವಾಗುವ ಗುಣದ್ದು. ಮೆಕ್ಯಾನಿಕ್‌ಗಳು ಅದನ್ನು ಬಲವಾಗಿ ಬಿಗಿಯುತ್ತಿದ್ದರು. ಎಷ್ಟೋ ಹಳೆಯ ಫ್ರೇಮುಗಳ ಬಲಗಡೆ ಮುಖದಲ್ಲಿ ಪಾನಾ ಜಾರಿದ ಗೀರುಗಳು ಕಾಣುವುದು ಇದರಿಂದಲೇ.

ಹಾಗಾದರೆ 70 ಮಿಲಿಮೀಟರ್ ಬಂತು ಎಂದರೆ ಇಟಾಲಿಯನ್ನೇ ಅಂತ ತೀರ್ಮಾನಿಸಬಹುದಾ? ಇಲ್ಲ. ಬೆಲ್ಜಿಯಂ, ಸ್ಪೇನ್ ಕಡೆಯ ಕೆಲವು ಕುಶಲಕರ್ಮಿಗಳೂ ಇಟಾಲಿಯನ್ ಥ್ರೆಡ್ ಬಳಸಿದ್ದಾರೆ. ಆದರೆ ಇಟಾಲಿಯನ್ ಹೆಸರಿನ ರೇಸಿಂಗ್ ಫ್ರೇಮಿನಲ್ಲಿ 68 ಮಿಲಿಮೀಟರ್, ಇಂಗ್ಲಿಷ್ ಥ್ರೆಡ್ ಸಿಕ್ಕರೆ ಅಲ್ಲಿ ನಿಂತು ಯೋಚಿಸಬೇಕು. 1980ರ ದಶಕದಲ್ಲಿ ಅಮೆರಿಕದಲ್ಲಿ ಮಾರಾಟವಾದ ಎಷ್ಟೋ ಬಿಯಾಂಕಿ ಸೈಕಲ್ಲುಗಳನ್ನು ಜಪಾನಿನಲ್ಲಿ ಮಾಡಿಸಿದ್ದರು. ಅವು ನಕಲಿ ಅಲ್ಲ. ಬಿಯಾಂಕಿ ಕಂಪನಿಯದೇ ಮಾಲು. ಆದರೆ ಮಿಲಾನಿನ ಆಸುಪಾಸಿನಲ್ಲಿ ಹುಟ್ಟಿದ್ದಲ್ಲ. ಎರಡಕ್ಕೂ ಬೆಲೆ ಬೇರೆ ಬೇರೆ.

ಇಲ್ಲೊಂದು ಸೂಕ್ಷ್ಮ ಇದೆ, ನನಗೆ ತುಂಬಾ ಇಷ್ಟವಾದದ್ದು. ಇಂಗ್ಲಿಷ್ ಕೊಳವೆಯ ಥ್ರೆಡ್ ಸವೆದು ಹಾಳಾದರೆ ಅದನ್ನು ಕೊರೆದು, ಸ್ವಲ್ಪ ದೊಡ್ಡದಾದ ಇಟಾಲಿಯನ್ ಥ್ರೆಡ್ ಹಾಕುವುದು ಹಳೆಯ ಕಾಲದಿಂದ ನಡೆದುಬಂದ ರಿಪೇರಿ. ಥ್ರೆಡ್ಡೇನೋ 36 ಮಿಲಿಮೀಟರ್ ಆಗುತ್ತದೆ. ಕೊಳವೆಯ ಅಗಲ ಮಾತ್ರ 68ರಲ್ಲೇ ಉಳಿಯುತ್ತದೆ. ಉಕ್ಕನ್ನು ಕೊರೆದು ತೆಗೆಯಬಹುದು, ಉದ್ದ ಬೆಳೆಸಲು ಆಗುವುದಿಲ್ಲವಲ್ಲ. ಅದಕ್ಕೇ ಥ್ರೆಡ್ ಒಂದನ್ನೇ ನೋಡಬೇಡಿ, ಅಗಲವನ್ನೂ ಅಳೆಯಿರಿ.

ಪೈಪಿನೊಳಗೆ ಇಣುಕಿ

ಇಟಾಲಿಯನ್ ರೇಸಿಂಗ್ ಫ್ರೇಮ್ ಅಂದರೆ ಬಹುತೇಕ ಕೊಲಂಬಸ್ ಪೈಪು. ಆಂಜೆಲೊ ಲುಯಿಜಿ ಕೊಲಂಬೊ 1919ರಲ್ಲಿ ಮಿಲಾನಿನಲ್ಲಿ ಶುರುಮಾಡಿದ ಕಾರ್ಖಾನೆ ಅದು. ಇಟಾಲಿಯನ್ನಿನಲ್ಲಿ ಕೊಲಂಬೊ ಅಂದರೆ ಪಾರಿವಾಳ. ಕಂಪನಿಯ ಗುರುತೂ ಪಾರಿವಾಳವೇ. ಕೆಲವರು ಇಂಗ್ಲೆಂಡಿನ ರೆನಾಲ್ಡ್ಸ್ 531 ಪೈಪನ್ನೂ ಬಳಸಿದ್ದಾರೆ.

ಈ ಪೈಪುಗಳ ಗೋಡೆ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಬೆಸುಗೆಯ ಬಿಸಿ ತಗಲುವ ತುದಿಯಲ್ಲಿ ದಪ್ಪ, ನಡುವೆ ತೆಳು. ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಬೆರಳಿನ ಉಗುರಿನಿಂದ ಪೈಪಿನ ತುದಿಗೊಮ್ಮೆ, ನಡುವೆ ಒಮ್ಮೆ ಬಾರಿಸಿ ನೋಡಿ. ಸದ್ದು ಬದಲಾಗುತ್ತದೆ. ಕೊಲಂಬಸ್‌ನ ಹಗುರ ಸೆಟ್ ಎಸ್‌ಎಲ್‌ನಲ್ಲಿ ತುದಿ 0.9 ಮಿಲಿಮೀಟರ್, ನಡುವೆ 0.6. ಭಾರದ ಸವಾರರಿಗೆ, ದೊಡ್ಡ ಫ್ರೇಮಿಗೆ ಬಳಸುವ ಎಸ್‌ಪಿಯಲ್ಲಿ 1.0 ಮತ್ತು 0.7.

ಇದನ್ನು ಅಳೆಯಲು ಪೈಪು ಕತ್ತರಿಸಬೇಕಿಲ್ಲ. ಸೀಟ್ ಪಿಲ್ಲರ್ ಕೂರುವ ಪೈಪಿನ ಹೊರವ್ಯಾಸ 28.6 ಮಿಲಿಮೀಟರ್. ಮೇಲ್ತುದಿಯಲ್ಲಿ ಗೋಡೆ 0.6 ಇದ್ದರೆ ಎರಡು ಕಡೆ ಸೇರಿ 1.2 ಹೋಗಿ ಒಳಗೆ 27.4 ಉಳಿಯುತ್ತದೆ. ಸ್ವಲ್ಪ ಸಡಿಲ ಬಿಟ್ಟು 27.2ರ ಪಿಲ್ಲರ್ ಸರಿಯಾಗಿ ಇಳಿಯುತ್ತದೆ. ಎಸ್‌ಪಿ ಆದರೆ 27.0. ಮಾರುವವರು ಇದು ಎಸ್‌ಎಲ್ ಪೈಪು ಅಂದರು, ಒಳಗೆ 26.4ರ ಪಿಲ್ಲರ್ ಇದೆ ಎಂದರೆ ಎರಡರಲ್ಲಿ ಒಂದು ಸುಳ್ಳು. ಒಂದೋ ಪೈಪು ಅಗ್ಗದ್ದು, ಇಲ್ಲವೇ ಸೀಟಿನ ಕಡೆ ಪೈಪು ಅಮುಕಿ ಕಿರಿದಾಗಿದೆ. ಎರಡೂ ಖರೀದಿಗೆ ಮುಂಚೆ ಗೊತ್ತಾಗಬೇಕಾದ ವಿಷಯ.

ಆಮೇಲೆ ಫೋರ್ಕನ್ನು ಬಿಚ್ಚಿ. ಫ್ರೇಮಿನ ಒಳಗೆ ಮರೆಯಾಗಿರುವ ಅದರ ಕತ್ತಿನ ಪೈಪನ್ನು ಕೆಳಗಿನಿಂದ ಟಾರ್ಚ್ ಹಾಕಿ ನೋಡಿ. ಕೊಲಂಬಸ್‌ನ ಒಳ್ಳೆಯ ಸೆಟ್ಟುಗಳಲ್ಲಿ ಒಳಗೋಡೆಯ ಮೇಲೆ ಐದು ಏಣುಗಳು ಬಂದೂಕಿನ ನಳಿಗೆಯೊಳಗಿನ ಹಾಗೆ ಸುರುಳಿಯಾಗಿ ಹೋಗುತ್ತವೆ. ಅತಿ ಜಾಸ್ತಿ ಒತ್ತಡ ಬೀಳುವ ಜಾಗ ಅದು, ಗಟ್ಟಿಯಾಗಲಿ ಎಂದು ಹಾಗೆ ಮಾಡಿದ್ದು. ಪೈಪಿನ ಮೇಲೆ ಪಾರಿವಾಳದ ಅಚ್ಚೂ ಸಿಗಬಹುದು. ಆದರೆ ಈ ಸಾಕ್ಷಿ ಫೋರ್ಕಿಗೆ ಮಾತ್ರ. ಅಪಘಾತವಾದಾಗ ಮೊದಲು ಹೋಗುವುದೇ ಫೋರ್ಕ್, ಬದಲಾಯಿಸುವುದೂ ಅದನ್ನೇ. ಫ್ರೇಮಿಗೂ ಫೋರ್ಕಿಗೂ ಹುಟ್ಟು ಒಂದೇನಾ ಎಂದು ಬೇರೆ ಕೇಳಬೇಕು.

1980ರ ದಶಕದ ಮಧ್ಯದಲ್ಲಿ ಕೊಲಂಬಸ್ ಇದೇ ಸುರುಳಿ ಏಣುಗಳನ್ನು ಫ್ರೇಮಿನ ಮುಖ್ಯ ಪೈಪುಗಳ ಒಳಗೂ, ಬಿಬಿ ಹತ್ತಿರದ ತುದಿಯಲ್ಲಿ, ತಂದಿತು. ಅದರ ಹೆಸರು ಎಸ್‌ಎಲ್‌ಎಕ್ಸ್. ಬಿಬಿ ಕೊಳವೆಯೊಳಗೆ ಟಾರ್ಚ್ ಬಿಟ್ಟರೆ ಪೈಪಿನ ಬಾಯಿಯಲ್ಲಿ ಆ ಏಣು ಕಾಣಿಸುತ್ತದೆ, ಬೆರಳಿಗೂ ಸಿಗುತ್ತದೆ. ಎಸ್‌ಎಲ್‌ಎಕ್ಸ್ ಸ್ಟಿಕ್ಕರ್ ಅಂಟಿಸಿ ಬೇರೆ ಫ್ರೇಮ್ ಮಾರುವ ಮೋಸ ಹಿಡಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಏಣು ಸಿಕ್ಕಿತು ಅಂದರೆ ಕಾಲವೂ ಅರ್ಧ ಗೊತ್ತಾದ ಹಾಗೆ. ಅದು 1970ರ ದಶಕದ ಫ್ರೇಮ್ ಆಗಿರಲು ಸಾಧ್ಯವೇ ಇಲ್ಲ.

ಕಟ್ಟಿದವರ ಕೈ

ಇಷ್ಟಾದ ಮೇಲೆ ಯಾರ ಕೈ ಎಂಬ ಪ್ರಶ್ನೆ. ಇದೇ ಕೆಲಸದ ಸಿಹಿ ಭಾಗ.

ಕಾರ್ ಎಂಜಿನಿನ ಹಾಗೆ ಸೀರಿಯಲ್ ನಂಬರ್ ನೋಡಿ ವರ್ಷ ಹೇಳಬಹುದು ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ಇಟಲಿಯ ಸಣ್ಣ ಕಾರ್ಯಾಗಾರಗಳಲ್ಲಿ ಅಂಥ ಶಿಸ್ತು ಕಡಿಮೆ. ಕೆಲವರು ನಂಬರ್ ಹಾಕಿದರು, ಕೆಲವರು ಹಾಕಲೇ ಇಲ್ಲ. ಹಳೆಯ ಕೊಲ್ನಾಗೊದಲ್ಲಿ ಕಾಣುವ ಎರಡಂಕಿಯ ಸಂಖ್ಯೆ ಸಾಮಾನ್ಯವಾಗಿ ಫ್ರೇಮಿನ ಅಳತೆ. 56 ಎಂದಿದ್ದರೆ 56 ಸೆಂಟಿಮೀಟರ್, 1956 ಅಲ್ಲ. ಇದನ್ನು ಇಸವಿ ಎಂದು ನಂಬಿ ಮಾರುವವರೂ ಇದ್ದಾರೆ, ಕೊಳ್ಳುವವರೂ ಇದ್ದಾರೆ.

ನಂಬರಿಗಿಂತ ಕೊರೆದ ಗುರುತು ಹೆಚ್ಚು ಮಾತಾಡುತ್ತದೆ. ಮಿಲಾನಿನ ಸಾಂತೆ ಪೊಲ್ಯಾಗಿ ತನ್ನ ಫ್ರೇಮಿನ ಮೇಲೆ ಪಿ, ಎಸ್, ಎಂ ಎಂಬ ಮೂರಕ್ಷರ ಒತ್ತುತ್ತಿದ್ದ. ಪೊಲ್ಯಾಗಿ ಸಾಂತೆ ಮಿಲಾನೊ. ಟ್ರೆವೀಜೊ ಊರಿನ ಪಿನಾರೆಲ್ಲೊ ಫ್ರೇಮುಗಳಲ್ಲಿ ಜಿ, ಪಿ, ಟಿ ಸಿಗುತ್ತದೆ. ಜೊವಾನ್ನಿ ಪಿನಾರೆಲ್ಲೊ ಟ್ರೆವೀಜೊ. ಇಟಲಿ ಸುತ್ತುವ ದೊಡ್ಡ ರೇಸ್ ಜಿರೊ ದಿತಾಲಿಯಾದಲ್ಲಿ 1951ರಲ್ಲಿ ಕಟ್ಟಕಡೆಗೆ ಬಂದು ಕಪ್ಪು ಜೆರ್ಸಿ ತೊಟ್ಟ ಸವಾರನೇ ಈ ಪಿನಾರೆಲ್ಲೊ. 1975ರಲ್ಲಿ ಫೌಸ್ತೊ ಬೆರ್ತೊಲ್ಯೊ ಜಿರೊ ಗೆದ್ದದ್ದು ಅವನ ಸೈಕಲ್ಲಿನ ಮೇಲೆ. ದೆ ರೋಸಾ ಫ್ರೇಮುಗಳಲ್ಲಿ ಸಣ್ಣ ಹೃದಯ ಕೊರೆದಿರುತ್ತದೆ. ಕೊಲ್ನಾಗೊದಲ್ಲಿ ಇಸ್ಪೀಟ್ ಎಲೆಯ ಕ್ಲಾವರ್ ಗುರುತು.

ಈ ಕ್ಲಾವರಿಗೆ ಒಂದು ಹುಟ್ಟಿದ ವರ್ಷ ಇದೆ. ಎರ್ನೆಸ್ತೊ ಕೊಲ್ನಾಗೊ 1954ರಲ್ಲಿ ಮಿಲಾನಿನ ಹತ್ತಿರದ ಕಾಂಬಿಯಾಗೊ ಎಂಬ ಸಣ್ಣ ಊರಿನಲ್ಲಿ ಅಂಗಡಿ ತೆರೆದ. ಕ್ಲಾವರ್ ಬಂದದ್ದು 1970ರಲ್ಲಿ, ಮಿಕೇಲೆ ದಾನ್ಚೆಲ್ಲಿ ಅವನ ಸೈಕಲ್ಲಿನಲ್ಲಿ ಮಿಲಾನ್–ಸಾನ್ ರೆಮೊ ರೇಸ್ ಗೆದ್ದ ಮೇಲೆ. ಹಾಗಾಗಿ ಲಗ್ಗಿನಲ್ಲಿ ಕ್ಲಾವರ್ ಕೊರೆದ ಫ್ರೇಮನ್ನು ಯಾರಾದರೂ 1965ರದು ಎಂದರೆ ವಾದವೇ ಬೇಡ. ಲಗ್ಗಿಗೆ ಕೊರೆದದ್ದು ಬಣ್ಣದ ಹಾಗೆ ಆಮೇಲೆ ಅಂಟಿಸಿದ್ದಲ್ಲ.

ಚಿನೆಲ್ಲಿಯನ್ನು ಗುರುತಿಸುವುದು ಇನ್ನೂ ಚೆಂದ. ಚೀನೊ ಚಿನೆಲ್ಲಿ ಸ್ವತಃ ದೊಡ್ಡ ಸವಾರ, 1943ರ ಮಿಲಾನ್–ಸಾನ್ ರೆಮೊ ಗೆದ್ದವನು. ಅವನ ಸೂಪರ್ ಕೊರ್ಸಾ ಫ್ರೇಮಿನ ಸೀಟಿನ ಹಿಂಭಾಗ ನೋಡಿ. ಬೇರೆಯವರ ಫ್ರೇಮಿನಲ್ಲಿ ಹಿಂಚಕ್ರದಿಂದ ಮೇಲೆ ಬರುವ ಎರಡು ಸಣ್ಣ ಪೈಪುಗಳು ಸೀಟಿನ ಲಗ್ಗಿನ ಅಕ್ಕಪಕ್ಕಕ್ಕೆ ಅಂಟುತ್ತವೆ. ಚಿನೆಲ್ಲಿಯಲ್ಲಿ ಅವು ಲಗ್ಗಿನ ಹಿಂದೆ, ಪಿಲ್ಲರ್ ಬಿಗಿಯುವ ಬೋಲ್ಟಿನ ಹತ್ತಿರಕ್ಕೇ ಬಂದು ಕೂಡುತ್ತವೆ. ಫೋರ್ಕಿನ ಹೆಗಲು ಚಪ್ಪಟೆಯಾಗಿರದೆ ಇಳಿಜಾರಾಗಿರುತ್ತದೆ. ಇವನ್ನು ಸ್ಟಿಕ್ಕರ್ ಅಂಟಿಸಿ ಸೃಷ್ಟಿಸಲು ಬರುವುದಿಲ್ಲ. 1978ರಲ್ಲಿ ಚೀನೊ ಕಂಪನಿಯನ್ನು ಕೊಲಂಬಸ್‌ನ ಕೊಲಂಬೊ ಮನೆತನಕ್ಕೆ ಮಾರಿದ. ಅದಾದ ಮೇಲೆ ಹಳೆಯ ಬ್ಯಾಡ್ಜ್ ಹೋಗಿ ರೆಕ್ಕೆ ಬಂದ ಸಿ ಅಕ್ಷರದ ಹೊಸ ಲಾಂಛನ ಬಂತು. ಲಾಂಛನ ಹೊಸದು, ಆದರೆ ಮುಂದಿನ ಪೈಪಿನಲ್ಲಿ ಹಳೆಯ ಲೋಹದ ಬ್ಯಾಡ್ಜಿನ ತೂತುಗಳಿವೆ ಎಂದರೆ, ಯಾರೋ ಮಧ್ಯೆ ಬಣ್ಣ ಬಳಿಸಿದ್ದಾರೆ ಎಂದು ಅರ್ಥ.

ಈ ತೂತಿನ ವಿಷಯ ಮರೆಯಬೇಡಿ. ಹಳೆಯ ಕಾಲದ ಎಷ್ಟೋ ಸೈಕಲ್ಲುಗಳ ಮುಂಭಾಗಕ್ಕೆ ಲೋಹದ ಬ್ಯಾಡ್ಜನ್ನು ರಿವೆಟ್ ಅಥವಾ ಸಣ್ಣ ಸ್ಕ್ರೂ ಹಾಕಿ ಕೂರಿಸುತ್ತಿದ್ದರು. ಬಣ್ಣ ಬಳಿಯುವವರು ಹೊರಗಿನಿಂದ ತೂತು ಮುಚ್ಚುತ್ತಾರೆ. ಫೋರ್ಕ್ ಬಿಚ್ಚಿ ಪೈಪಿನ ಒಳಗೆ ಬೆರಳಾಡಿಸಿದರೆ ಸಿಕ್ಕಿಬೀಳುತ್ತದೆ. ತೂತು ಎಷ್ಟು, ಅವುಗಳ ನಡುವೆ ಎಷ್ಟು ಅಂತರ ಎಂದು ಬರೆದುಕೊಳ್ಳಿ. ಮಾರುವವರು ಹೇಳಿದ ಹೆಸರಿನ ಬ್ಯಾಡ್ಜಿಗೆ ಅದು ಹೊಂದುತ್ತದಾ ಎಂದು ನೋಡಿ.

ಯಾವ ಗುರುತೂ ಇಲ್ಲದ ಫ್ರೇಮುಗಳೂ ಇವೆ. ಅಲ್ಲಿ ಕೈಗೆಲಸವನ್ನೇ ಓದಬೇಕು. ಲಗ್ಗಿನ ಅಂಚು ಎಷ್ಟು ತೆಳು, ಎಡ ಬಲ ಒಂದೇ ಥರ ಇವೆಯಾ, ಬೆಸುಗೆಯ ಲೋಹ ಸಂದಿಯಿಂದ ಹೊರಗೆ ಹರಿದಿದೆಯಾ. ಒಬ್ಬನೇ ಕುಶಲಕರ್ಮಿಯ ಐದಾರು ಖಚಿತ ಫ್ರೇಮುಗಳ ಹತ್ತಿರದ ಚಿತ್ರ ಪಕ್ಕದಲ್ಲಿಟ್ಟು ನೋಡಿದರೆ ಕಣ್ಣು ತಾನೇ ಪಳಗುತ್ತದೆ. ಇದಕ್ಕೆ ಅಡ್ಡದಾರಿ ಇಲ್ಲ.

ಕಾಲ ಹೇಳುವ ಸಣ್ಣ ತುಂಡುಗಳು

ವರ್ಷ ಕಂಡುಹಿಡಿಯುವಾಗ ಒಂದು ಸೂತ್ರ ನೆನಪಿಟ್ಟರೆ ಸಾಕು. ಫ್ರೇಮಿನ ಜೊತೆಯಲ್ಲೇ ಹುಟ್ಟಿದ ಭಾಗಗಳಲ್ಲಿ ಯಾವುದು ಎಲ್ಲಕ್ಕಿಂತ ಈಚಿನದೋ, ಫ್ರೇಮ್ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ.

ಗೇರು ಹಾಕುವ ಕಡ್ಡಿ, ಬ್ರೇಕ್ ಕೇಬಲ್, ನೀರಿನ ಬಾಟಲಿ, ಇವನ್ನು ಫ್ರೇಮಿಗೆ ಹೇಗೆ ಹಿಡಿಸಿದ್ದಾರೆ ನೋಡಿ. 1960ರ ದಶಕದ ಫ್ರೇಮ್ ಬರೀ ಬೋಳು. ಬ್ರೇಕ್ ಕೇಬಲ್ಲನ್ನು ಮೇಲಿನ ಪೈಪಿಗೆ ಕ್ಲಿಪ್ಪುಗಳಿಂದ ಕಟ್ಟುತ್ತಿದ್ದರು. ಗೇರಿನ ಕಡ್ಡಿಗಳು ಕೆಳಪೈಪಿಗೆ ಸುತ್ತಿದ ಪಟ್ಟಿಯ ಮೇಲೆ. ಆ ಪಟ್ಟಿ ಜಾರದಿರಲಿ ಎಂದು ಪೈಪಿನ ಕೆಳಗೆ ಬೇಳೆಕಾಳಿನಷ್ಟು ಸಣ್ಣ ಗುಬುಟು ಬೆಸೆದಿರುವುದುಂಟು. ತೆಳು ಪೈಪಿಗೆ ಬೆಂಕಿ ಜಾಸ್ತಿ ತಗಲಿದರೆ ಬಲ ಕಳೆದುಕೊಳ್ಳುತ್ತದೆ ಎಂಬ ಅಂಜಿಕೆಯಿಂದ ಅವರು ಬೆಸೆಯಲು ಹಿಂಜರಿಯುತ್ತಿದ್ದರು. 1970ರ ದಶಕ ಮುಂದುವರಿದಂತೆ ಒಂದೊಂದೇ ಬೆಸೆದ ಕೊಂಡಿ ಬಂತು. ಬಾಟಲಿಗೆ ಕೆಳಪೈಪಿನಲ್ಲಿ ಎರಡು ಸ್ಕ್ರೂ ತೂತು. ಗೇರ್ ಕಡ್ಡಿಗೆ ಬೆಸೆದ ಗೂಟ. ಮೇಲಿನ ಪೈಪಿನಲ್ಲಿ ಕೇಬಲ್ ಹಾಯುವ ಕುಣಿಕೆ. 1980ರ ದಶಕದ ಹೊತ್ತಿಗೆ ಎರಡನೇ ಬಾಟಲಿಗೂ ಜಾಗ ಬಂತು. ಬಿಬಿ ಕೊಳವೆಯ ಮೇಲೆ ಹಾಯುತ್ತಿದ್ದ ಗೇರ್ ಕೇಬಲ್ಲುಗಳು ಅದರ ಅಡಿಗೆ ಇಳಿದವು.

ಮೋಸ ಆಗುವುದು ಇಲ್ಲೂ ಉಂಟು. ಹಳೆಯ ಫ್ರೇಮನ್ನು ಬಣ್ಣಕ್ಕೆ ಕೊಟ್ಟಾಗ ಮಾಲೀಕರೇ ಹೊಸ ಕೊಂಡಿಗಳನ್ನು ಬೆಸೆಸಿಕೊಂಡಿರುತ್ತಾರೆ, ಸವಾರಿಗೆ ಅನುಕೂಲ ಆಗಲಿ ಅಂತ. ಹಾಗಾಗಿ ಕೊಂಡಿ ಈಚಿನದಾದರೂ ಫ್ರೇಮ್ ಹಳೆಯದಿರಬಹುದು. ಬೇರೆ ಸುಳಿವು ಎಲ್ಲವೂ ಒಂದು ಕಡೆ, ಬಾಟಲಿಯ ತೂತು ಮಾತ್ರ ಇನ್ನೊಂದು ಕಡೆ ಎಂದಾದರೆ ಇದನ್ನೇ ಅನುಮಾನಿಸಿ.

ಹಿಂದಿನ ಚಕ್ರ ಕೂರುವ ಎರಡು ಡ್ರಾಪೌಟ್‌ಗಳ ನಡುವಿನ ಅಂತರ ಅಳೆಯಿರಿ. ಹಿಂದೆ ಐದು ಹಲ್ಲುಚಕ್ರ ಇದ್ದ ಕಾಲಕ್ಕೆ 120 ಮಿಲಿಮೀಟರ್. ಆರು, ಏಳಾದಾಗ, 1970ರ ದಶಕದ ಕೊನೆಯಿಂದ, 126. ಎಂಟು ಬಂದಾಗ, 1990ರ ಆಸುಪಾಸು, 130. ಆದರೆ ಉಕ್ಕು ಬಾಗುತ್ತದೆ. 120ರ ಫ್ರೇಮನ್ನು ಕೈಯಿಂದಲೇ ಹಿಗ್ಗಿಸಿ 126 ಮಾಡುವುದು ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತಿದ್ದ ಕೆಲಸ. ಹಿಗ್ಗಿಸಬಹುದು, ಆದರೆ ಮತ್ತೆ ಕಿರಿದು ಮಾಡಲು ಯಾರಿಗೂ ಕಾರಣ ಇರಲಿಲ್ಲ. ಅದಕ್ಕೆ 120 ಸಿಕ್ಕರೆ ಅದು ಗಟ್ಟಿ ಸಾಕ್ಷಿ, 126 ಸಿಕ್ಕರೆ ಅರ್ಧ ಸಾಕ್ಷಿ.

ಡ್ರಾಪೌಟ್ ಮೇಲೆ ಬಹುತೇಕ ಕಾಂಪನ್ಯೋಲೊ ಎಂಬ ಹೆಸರು, ಅದರ ಮೇಲೆ ಬ್ರೆವ್ ಎಂಬ ಗಿಡ್ಡ ಪದ ಕೊರೆದಿರುತ್ತದೆ. ಅದು ಪೇಟೆಂಟ್ ಪಡೆದದ್ದು ಎಂಬ ಇಟಾಲಿಯನ್ ಪದದ ಮೊಟಕು ರೂಪ. ಫ್ರೇಮ್ ಕಟ್ಟಿದವರ ಹೆಸರು ಅಂದುಕೊಳ್ಳಬೇಡಿ. ತುಲ್ಯೊ ಕಾಂಪನ್ಯೋಲೊ 1933ರಲ್ಲಿ ವಿಚೆಂಜಾದಲ್ಲಿ ಶುರುಮಾಡಿದ ಈ ಕಂಪನಿ ಜಗತ್ತಿನ ಎಷ್ಟೋ ಫ್ರೇಮ್ ಕಟ್ಟುವವರಿಗೆ ಈ ತುಂಡನ್ನು ಮಾರುತ್ತಿತ್ತು. ಇಂಗ್ಲೆಂಡಿನ ಫ್ರೇಮಿನಲ್ಲೂ ಇದು ಸಿಗುತ್ತದೆ. ಹಳೆಯದರಲ್ಲಿ ಅಚ್ಚು ಕೂರುವ ಸೀಳು ಉದ್ದ. ಆಮೇಲೆ ಗಿಡ್ಡವಾಯಿತು. ಕೊನೆಗೆ ನೆಟ್ಟಗೆ ಕೆಳಮುಖ ಆಯಿತು.

ಪೈಪಿನ ಆಕಾರವೂ ಕಾಲ ಹೇಳುತ್ತದೆ. 1980ರ ದಶಕದ ಮೊದಲ ಭಾಗದಲ್ಲಿ ಕೊಲ್ನಾಗೊ ಮಾಸ್ಟರ್ ಎಂಬ ಮಾದರಿ ಬಂತು. ಅದರ ಪೈಪನ್ನು ಕತ್ತರಿಸಿ ನೋಡಿದರೆ ದುಂಡಗಿರದೆ ನಕ್ಷತ್ರದ ಹಾಗೆ ಒಳಕ್ಕೆ ಮಡಚಿರುತ್ತದೆ. ಹೊರಗಿನಿಂದ ಉದ್ದುದ್ದ ಗೆರೆಗಳಂತೆ ಕೈಗೆ ಹತ್ತುತ್ತದೆ. ಅದೇ ದಶಕದ ಕೊನೆಯ ಹೊತ್ತಿಗೆ ಕೊಲ್ನಾಗೊ ಬಾಗಿಲ್ಲದ ನೇರ ಫೋರ್ಕನ್ನು ತಂದಿತು. ಅದು 1970ರ ದಶಕದ ಫ್ರೇಮಿನಲ್ಲಿ ಕಂಡರೆ ಫೋರ್ಕ್ ಬದಲಾಗಿದೆ ಎಂದೇ ತಿಳಿಯಿರಿ.

ಪೂರ್ತಿ ಸೈಕಲ್ಲೇ ಸಿಕ್ಕಿದ್ದರೆ ಭಾಗಗಳನ್ನೂ ಓದಿ. ಕಾಂಪನ್ಯೋಲೊ ನುವೊವೊ ರೆಕಾರ್ಡ್ ಎಂಬ ಹಿಂದಿನ ಗೇರು 1967ರಲ್ಲಿ ಬಂತು. 1970ರ ದಶಕದವುಗಳ ಮೈಮೇಲೆ ಪೇಟೆಂಟ್ ಪದದ ಪಕ್ಕ 74, 78 ಹೀಗೆ ಎರಡಂಕಿ ಇರುತ್ತದೆ. ಅದು ತಯಾರಾದ ವರ್ಷ. ಚಕ್ರದ ಅಚ್ಚಿನ ನಟ್ಟಿನ ಮೇಲೂ ಕೆಲವೊಮ್ಮೆ ವರ್ಷ ಸಿಗುತ್ತದೆ. ಪೆಡಲಿನ ತೋಳಿಗೆ ಹಲ್ಲುಚಕ್ರ ಹಿಡಿಸುವ ಐದು ಬೋಲ್ಟುಗಳ ವೃತ್ತ 1960ರ ದಶಕದ ಕೊನೆಯವರೆಗೆ 151 ಮಿಲಿಮೀಟರ್, ಆಮೇಲೆ 144. ಗೇರು, ನಟ್ಟು, ತೋಳು ಎಲ್ಲವೂ ಒಂದೆರಡು ವರ್ಷದ ಒಳಗೇ ಬಂದರೆ, ಅದೂ ಫ್ರೇಮಿನ ಸುಳಿವಿಗೆ ಹೊಂದಿದರೆ, ಸೈಕಲ್ ಹುಟ್ಟಿದಾಗಿನಿಂದ ಒಟ್ಟಿಗೇ ಇದೆ ಎಂದು ನಂಬಲು ಒಳ್ಳೆಯ ಕಾರಣ. ಒಂದು ಭಾಗ ಮಾತ್ರ ನೋಡಿ ವರ್ಷ ಹೇಳಬೇಡಿ.

ಈ ವರ್ಷದ ಲೆಕ್ಕ ಬರೀ ಬೆಲೆಗಾಗಿ ಅಲ್ಲ. ಟಸ್ಕನಿಯ ಗಾಯೋಲೆ ಇನ್ ಕಿಯಾಂತಿ ಊರಿನಲ್ಲಿ 1997ರಿಂದ ಲೆರೋಯಿಕಾ ಎಂಬ ಸವಾರಿ ನಡೆಯುತ್ತದೆ. ಬಿಳಿ ಮಣ್ಣಿನ ದಾರಿ, ಹಳೆಯ ಸೈಕಲ್ಲು, ಉಣ್ಣೆಯ ಜೆರ್ಸಿ. 1987ಕ್ಕಿಂತ ಮುಂಚಿನ ರೇಸಿಂಗ್ ಸೈಕಲ್ಲುಗಳಿಗೆ ಎಂದೇ ಅದರ ನಿಯಮ. ಗೇರಿನ ಕಡ್ಡಿ ಕೆಳಪೈಪಿನಲ್ಲಿರಬೇಕು, ಪೆಡಲಿಗೆ ಪಟ್ಟಿ ಇರಬೇಕು, ಬ್ರೇಕ್ ಕೇಬಲ್ ಹ್ಯಾಂಡಲಿನ ಹೊರಗೆ ಕಾಣಬೇಕು. ಅಲ್ಲಿಗೆ ಹೋಗುವ ಆಸೆ ಇರುವವರಿಗೆ ತಮ್ಮ ಫ್ರೇಮ್ 1985ರದೋ 1989ರದೋ ಎಂಬುದು ನಿಜವಾದ ಪ್ರಶ್ನೆ.

ಒಂದು ಉದಾಹರಣೆ ಬಿಡಿಸೋಣ

ಮಾರಾಟಕ್ಕೆ ಒಂದು ಫ್ರೇಮ್ ಇದೆ ಎಂದುಕೊಳ್ಳೋಣ. ಕಿತ್ತಳೆ ಬಣ್ಣ, ಮೊಲ್ತೇನಿ ತಂಡದ ಹೆಸರು, ಕೊಲ್ನಾಗೊ ಸ್ಟಿಕ್ಕರ್. 1968ರದು, ಮೂಲ ಬಣ್ಣ ಎನ್ನುತ್ತಾರೆ. ಬೆಲ್ಜಿಯಂನ ಮಹಾನ್ ಸವಾರ ಎಡ್ಡಿ ಮರ್ಕ್ಸ್ ಓಡಿಸಿದ ಬಣ್ಣ ಅಲ್ವಾ, ಮನಸ್ಸು ಸೋಲುತ್ತದೆ.

ತಿರುಗಿಸಿ ನೋಡಿದರೆ ಬಿಬಿ 70 ಮಿಲಿಮೀಟರ್. ಸರಿ. ಪಿಲ್ಲರ್ 27.2. ಅದೂ ಸರಿ. ಲಗ್ಗಿನಲ್ಲಿ ಕ್ಲಾವರ್ ಕೊರೆದಿದೆ. ಕೊಲ್ನಾಗೊ ಎಂಬುದಕ್ಕೆ ಬಲ ಬಂತು, ಆದರೆ 1968 ಬಿದ್ದುಹೋಯಿತು. ಹಿಂದೆ 126 ಮಿಲಿಮೀಟರ್. ಬಾಟಲಿಗೆ ಎರಡು ಜೊತೆ ತೂತು. ಕೇಬಲ್ ದಾರಿ ಬಿಬಿ ಅಡಿಯಲ್ಲಿ. ಮೂರೂ ಒಂದೇ ಕಡೆ ಬೆರಳು ತೋರುತ್ತಿವೆ, 1980ರ ದಶಕದ ಮೊದಲ ಭಾಗಕ್ಕೆ. ಬಿಬಿ ಕೊಳವೆಯೊಳಗೆ ಏಣು ಇಲ್ಲ, ಹಾಗಾಗಿ ಎಸ್‌ಎಲ್‌ಎಕ್ಸ್ ಅಲ್ಲ. ಫೋರ್ಕ್ ಬಿಚ್ಚಿದರೆ ಕತ್ತಿನ ಪೈಪಿನ ಮೇಲೆ ಬಣ್ಣ ಬಳಿಯುವವನ ಕುಂಚ ತಪ್ಪಿದ ಕಡೆ ಕಡುಕೆಂಪು ಚುಕ್ಕೆ. ಮೊದಲ ಬಣ್ಣ ಕೆಂಪು.

ಇದು ನಕಲಿಯಾ? ಅಲ್ಲ. ಒಳ್ಳೆಯ, ಅಸಲಿ ಕೊಲ್ನಾಗೊ. ಆದರೆ ಹೇಳಿದ ಕಾಲದ್ದಲ್ಲ, ಹೇಳಿದ ತಂಡದ್ದಲ್ಲ. 1970ರ ದಶಕದ ಕೊನೆಗೆ ಮೊಲ್ತೇನಿ ತಂಡವೇ ಇರಲಿಲ್ಲ. ಮಾರುವವರು ಬೇಕೆಂದೇ ಸುಳ್ಳು ಹೇಳಿದರು ಎಂದೂ ಅನ್ನಬೇಕಿಲ್ಲ. ಅವರಿಗೆ ಮಾರಿದವರು ಹಾಗೆ ಹೇಳಿರಬಹುದು. ನನ್ನ ಮಟ್ಟಿಗೆ ಪೂರ್ತಿ ನಕಲಿ ಫ್ರೇಮಿಗಿಂತ ಇಂಥ ಅರ್ಧ ಸತ್ಯದ ಫ್ರೇಮುಗಳೇ ಜಾಸ್ತಿ ಜಾಗರೂಕತೆ ಬೇಡುತ್ತವೆ. ಹೆಸರು ನಿಜ ಎಂದು ಗೊತ್ತಾದ ಕೂಡಲೇ ನಾವು ಉಳಿದದ್ದನ್ನು ಪರೀಕ್ಷಿಸುವುದನ್ನೇ ಬಿಟ್ಟುಬಿಡುತ್ತೇವೆ. ಈ ಫ್ರೇಮಿಗೆ ಕೊನೆಗೆ ಬರೆಯಬೇಕಾದದ್ದು 1982 ಎಂದಲ್ಲ. 1980ರ ದಶಕದ ಮೊದಲ ಭಾಗ ಎಂದು. ಅಷ್ಟಕ್ಕೆ ಮಾತ್ರ ಉಕ್ಕು ಸಾಕ್ಷಿ ಕೊಟ್ಟಿದೆ.

ಹಳೆಯ ಬಣ್ಣ ಹುಡುಕುವಾಗ ಕಾಣುವ ಜಾಗದಲ್ಲಿ ಕೆರೆಯಬೇಡಿ. ಬಿಬಿ ಒಳಗೆ, ಫೋರ್ಕಿನ ಕತ್ತಿನಲ್ಲಿ, ಪಿಲ್ಲರ್ ಇಳಿಯುವ ಬಾಯಿಯಲ್ಲಿ, ಬ್ಯಾಡ್ಜಿನ ಹಿಂದೆ ನೋಡಿದರೆ ಸಾಕು. ಸವೆದ, ಗೀರು ಬಿದ್ದ ಮೂಲ ಬಣ್ಣ ಇದ್ದರೆ ಅದನ್ನು ಹಾಗೇ ಉಳಿಸಿಕೊಳ್ಳಿ. ಒಮ್ಮೆ ಕಿತ್ತ ಮೇಲೆ ಅದು ಮತ್ತೆ ಬರುವುದಿಲ್ಲ, ಅದರ ಜೊತೆ ಎಷ್ಟೋ ಸುಳಿವೂ ಹೋಗುತ್ತದೆ.

ಹೆಸರು ಒಂದು, ಕೈ ಇನ್ನೊಂದು

ಕೊನೆಗೆ ತುಸು ಗೊಂದಲದ ವಿಷಯ. ಇಟಲಿಯಲ್ಲಿ ಹೆಸರು ಒಬ್ಬರದು, ಕಟ್ಟಿದ ಕೈ ಇನ್ನೊಬ್ಬರದು ಎಂಬುದು ಮಾಮೂಲಿ. ಬೇಡಿಕೆ ಹೆಚ್ಚಾದಾಗ ದೊಡ್ಡ ಹೆಸರಿನವರೂ ಹೊರಗಿನ ಸಣ್ಣ ಕಾರ್ಯಾಗಾರಗಳಿಗೆ ಕೆಲಸ ಹಂಚುತ್ತಿದ್ದರು. ಅಂಥ ಫ್ರೇಮ್ ಕಂಪನಿಯದೇ, ಆದರೆ ಹೆಸರಾಂತ ಉಸ್ತಾದ ಅದನ್ನು ಮುಟ್ಟಿಯೇ ಇರಲಿಕ್ಕಿಲ್ಲ.

ಮಾಸಿಯ ಕತೆ ಇನ್ನೊಂದು ಬಗೆ. ಫಾಲಿಯೆರೊ ಮಾಸಿಯ ಕಾರ್ಯಾಗಾರ ಮಿಲಾನಿನ ವಿಗೊರೆಲ್ಲಿ ಸೈಕಲ್ ಮೈದಾನದ ಕೆಳಗೇ ಇತ್ತು. 1973ರಲ್ಲಿ ಆತ ಅಮೆರಿಕದಲ್ಲಿ ತನ್ನ ಹೆಸರು ಬಳಸುವ ಹಕ್ಕನ್ನು ಮಾರಿದ. ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬಾದ್ ಊರಿನಲ್ಲಿ ಮಾಸಿ ಫ್ರೇಮುಗಳು ತಯಾರಾಗತೊಡಗಿದವು. ಮಿಲಾನಿನಲ್ಲಿ ಮಗ ಆಲ್ಬೆರ್ತೊ ಕೆಲಸ ಮುಂದುವರಿಸಿದ. ಹಾಗಾಗಿ 1970ರ ದಶಕದ ಮಾಸಿ ಗ್ರಾನ್ ಕ್ರಿತೇರಿಯಂ ಎಂಬ ಮಾದರಿ ಎರಡು ಖಂಡಗಳಲ್ಲಿ ಎಲ್ಲಿ ಬೇಕಾದರೂ ಹುಟ್ಟಿರಬಹುದು. ಎರಡೂ ಅಸಲಿ. ಬಿಬಿ ಮೇಲಿನ ನಂಬರನ್ನು, ಲಗ್ಗಿನ ಕೈಗೆಲಸವನ್ನು ಓದದೆ ಯಾವುದು ಎಂದು ಹೇಳಲಾಗದು.

ಇದೇ ಮಾಸಿ ದೊಡ್ಡ ದೊಡ್ಡ ಸವಾರರಿಗೆ ಫ್ರೇಮ್ ಕಟ್ಟಿ, ಅವರ ತಂಡದ ಪ್ರಾಯೋಜಕರ ಬಣ್ಣ, ಹೆಸರು ಬಳಿಸಿ ಕಳಿಸುತ್ತಿದ್ದ. 1973ರ ನಂತರ ಮರ್ಕ್ಸ್ ಓಡಿಸಿದ ಮೊಲ್ತೇನಿ ಸೈಕಲ್ಲುಗಳ ಮೇಲೆ ಮರ್ಕ್ಸ್ ಹೆಸರೇ ಇತ್ತು. ಕಟ್ಟಿದ್ದು ಉಗೊ ದೆ ರೋಸಾ.

ಎಲ್ಲಕ್ಕಿಂತ ಪ್ರಸಿದ್ಧವಾದದ್ದು 1972ರ ಅಕ್ಟೋಬರ್ 25ರ ಸೈಕಲ್. ಆ ದಿನ ಮೆಕ್ಸಿಕೊ ನಗರದಲ್ಲಿ ಮರ್ಕ್ಸ್ ಒಂದು ಗಂಟೆಯಲ್ಲಿ 49.431 ಕಿಲೋಮೀಟರ್ ಓಡಿಸಿ ದಾಖಲೆ ಮಾಡಿದ. ಸುಮಾರು 5.75 ಕಿಲೊ ತೂಕದ ಆ ಸೈಕಲ್ಲನ್ನು ಕಟ್ಟಿದ್ದು ಎರ್ನೆಸ್ತೊ ಕೊಲ್ನಾಗೊ. ಆದರೆ ಅದರ ಪೈಪಿನ ಮೇಲೆ ಇದ್ದದ್ದು ವಿಂಡ್ಸರ್ ಎಂಬ ಮೆಕ್ಸಿಕೊ ಕಂಪನಿಯ ಹೆಸರು. ಬ್ರಸೆಲ್ಸ್ ನಗರದ ಎಡ್ಡಿ ಮರ್ಕ್ಸ್ ಮೆಟ್ರೊ ನಿಲ್ದಾಣದಲ್ಲಿ ಆ ಸೈಕಲ್ಲನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಆ ಕಡೆ ಹೋದರೆ ಪೆಟ್ಟಿಗೆಯ ಹತ್ತಿರ ಬಗ್ಗಿ, ಲಗ್ಗಿನ ಅಂಚುಗಳನ್ನು ನೋಡಿ ಬನ್ನಿ.